ನೆಗಡಿ ಮಾತ್ರೆ: ನಾಲ್ಕು ವರ್ಷ ನುಂಗಿದ ಮೇಲೆ

ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್, ಪ್ಯಾರಾಸಿಟಮಾಲ್ ಮೂರೂ ಸೇರಿದ ನೆಗಡಿ ಮಾತ್ರೆ ಯಾವ ಮೆಡಿಕಲ್‌ನಲ್ಲಿ ಕೇಳಿದರೂ ಸಿಗುತ್ತದೆ. ಕಂಪನಿ ಬೇರೆಯಾದರೂ ಒಳಗಿರುವುದು ಹೆಚ್ಚುಕಮ್ಮಿ ಒಂದೇ. ಅದಕ್ಕೇ ಹೆಸರು ಬರೆಯುತ್ತಿಲ್ಲ.

ಬೆಳಗ್ಗೆ ಬಾಗಿಲು ಗುಡಿಸಲು ಪೊರಕೆ ಹಿಡಿದರೆ ಸಾಕು, ನನಗೆ ಸೀನು ಶುರು. ಒಂದರ ಹಿಂದೆ ಒಂದು, ಹದಿನೈದು ಇಪ್ಪತ್ತು. ಮೂಲೆ ಅಂಗಡಿಯವರು "ಇದು ತಗೊಳ್ಳಿ ಮೇಡಂ" ಅಂತ ಎರಡು ಮಾತ್ರೆ ಕತ್ತರಿಸಿ ಕೊಟ್ಟರು. ಅಂದಿನಿಂದ ಅದೇ ಅಭ್ಯಾಸ. ರಾತ್ರಿ ಪಾತ್ರೆ ತೊಳೆದಿಟ್ಟು, ಒಲೆ ಒರೆಸಿ, ಅರ್ಧ ಲೋಟ ಬಿಸಿನೀರಿನ ಜೊತೆ ಒಂದು. ಸ್ವಲ್ಪ ಹೊತ್ತಿಗೆ ರೆಪ್ಪೆ ಭಾರ. ಬೆಳಗ್ಗೆ ಸೀನಿಲ್ಲದೆ ರಂಗೋಲಿ ಹಾಕಿ ಮುಗಿಸುವ ಸುಖ ಅಲರ್ಜಿ ಇರುವವರಿಗೇ ಗೊತ್ತು.

ಬಾಯಿ ಒಣಗುತ್ತಿತ್ತು. ಪಾಠ ಮಾಡುವಾಗ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಬಸ್ಸಿನಲ್ಲಿ ತೂಕಡಿಸಿ ಎರಡು ಸಲ ಸ್ಟಾಪ್ ದಾಟಿದೆ. ಇದನ್ನೆಲ್ಲ ಸಹಿಸಿಕೊಂಡೆ.

ಕಳೆದ ಮಾಗಿಯಲ್ಲಿ ಅಪ್ಪ ಬಂದಿದ್ದರು. ವಯಸ್ಸು 71. ಬಿಪಿ ಇದೆ, ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಕೂಡ ಊದಿದೆ. ಮೂಗು ಕಟ್ಟಿದೆ ಅಂದರು. ನಾನು ನುಂಗುವುದೇ ತಾನೆ ಅಂತ ರಾತ್ರಿ ಒಂದು, ಬೆಳಗ್ಗೆ ಒಂದು, ಮತ್ತೆ ರಾತ್ರಿ ಒಂದು ಕೊಟ್ಟೆ. ಎರಡು ಗಂಟೆ ಹೊತ್ತಿಗೆ ಬಚ್ಚಲಿಗೂ ಮಂಚಕ್ಕೂ ಓಡಾಡುತ್ತಿದ್ದರು. "ಬಂದ ಹಾಗೆ ಆಗುತ್ತೆ ಕಣಮ್ಮ, ಬರ್ತಿಲ್ಲ." ಕಿಬ್ಬೊಟ್ಟೆ ಮುಟ್ಟಿದರೆ ಕಲ್ಲು. ಮುಖವೆಲ್ಲ ಬೆವರು. ಆಟೋ ಹಿಡಿದು ಓಡಿದೆವು. ಟ್ಯೂಬ್ ಹಾಕಿದಾಗ ಮುಕ್ಕಾಲು ಲೀಟರ್ ಮೂತ್ರ ಹೊರಬಂತು. ಅಪ್ಪ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡೇ ಇದ್ದರು. ಬಿಪಿಯೂ ಏರಿತ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ನೆಗಡಿ ಮಾತ್ರೆ ಏನಾದ್ರೂ ಕೊಟ್ರಾ?"

ಅವರು ಹೇಳಿದ್ದು ಇಷ್ಟು. ಕ್ಲೋರ್‌ಫೆನಿರಮೈನ್ ಮೂಗು, ಬಾಯಿ ಒಣಗಿಸುವ ಹಾಗೇ ಮೂತ್ರಚೀಲದ ಸ್ನಾಯುವನ್ನೂ ಸಡಿಲ ಮಾಡುತ್ತದೆ, ಒತ್ತುವ ಬಲ ಕಡಿಮೆಯಾಗುತ್ತದೆ. ಫಿನೈಲೆಫ್ರಿನ್ ರಕ್ತನಾಳ ಬಿಗಿ ಮಾಡುವ ಔಷಧಿ, ಮೂತ್ರಚೀಲದ ಬಾಯಿಯನ್ನೂ ಬಿಗಿ ಮಾಡಬಲ್ಲದು. ಪ್ರಾಸ್ಟೇಟ್ ಮೊದಲೇ ದಾರಿ ಒತ್ತಿರುವವರಿಗೆ ಎರಡೂ ಸೇರಿದರೆ ಕಷ್ಟ. ಬಿಪಿ, ಹೃದಯದ ತೊಂದರೆ, ಗ್ಲುಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರೂ ಕೇಳದೆ ತಗೋಬಾರದು.

ನನಗೆ ಜಾಸ್ತಿ ಸಿಟ್ಟು ಬಂದದ್ದು ಆಮೇಲೆ ಓದಿದ್ದಕ್ಕೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಜ್ಞರ ಸಮಿತಿ, ನುಂಗುವ ಫಿನೈಲೆಫ್ರಿನ್ ಈಗಿನ ಪ್ರಮಾಣದಲ್ಲಿ ಕಟ್ಟಿದ ಮೂಗು ಬಿಡಿಸುವುದಿಲ್ಲ ಎಂದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಔಷಧ ನಿಯಂತ್ರಕರು ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಎರಡೂ ಸೇರಿದ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಎಚ್ಚರಿಸಿದ್ದರು. ಮನೆಯಲ್ಲಿ ಮಕ್ಕಳಿದ್ದವರಿಗೆ ಇದು ಗೊತ್ತಿರಲೇಬೇಕು.

ಹಾಗಂತ ನಾನು ಓದಿಕೊಳ್ಳಬಹುದಿತ್ತಲ್ವಾ? ಮನೆಗೆ ಬಂದ ಮೇಲೆ ಉಳಿದ ತುಂಡು ತಿರುಗಿಸಿ ನೋಡಿದೆ. ಬೆಳ್ಳಿ ಹಾಳೆಯ ಮೇಲೆ "ಮ್ಯಾಲಿಯೇಟ್ 2" ಅಂತ ಇತ್ತು, ಕ್ಲೋರ್‌ಫೆನಿರಮೈನ್ ಹೆಸರಿನ ಕೊನೆಯ ತುಂಡು. ಅದರ ಮೇಲಿನ ಸಾಲು ಕತ್ತರಿಗೆ ಸಿಕ್ಕಿತ್ತು. ಎಚ್ಚರಿಕೆ ಇರಲಿ, ಹೆಸರೇ ಪೂರ್ತಿ ಇರಲಿಲ್ಲ. ನಾಲ್ಕು ವರ್ಷ ಇಂಥ ತುಂಡುಗಳನ್ನೇ ತಂದಿದ್ದೇನೆ. ಜ್ವರ ಬಂದಾಗ ಅದರ ಮೇಲೆ ಬೇರೆ ಪ್ಯಾರಾಸಿಟಮಾಲ್ ಕೂಡ ನುಂಗಿದ್ದೇನೆ, ಇದರಲ್ಲೂ ಅದೇ ಇದೆ ಅಂತ ತಿಳಿಯದೆ.

ಡಾಕ್ಟರ್ ನನಗೆ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದಾರೆ. ಸುಮಾರು 350 ರೂಪಾಯಿ. ಎರಡು ಮಾತ್ರೆಗೆ ಹತ್ತು ರೂಪಾಯಿ ಕೊಡುತ್ತಿದ್ದ ಕೈಗೆ ಮೊದಲು ಭಾರ ಅನ್ನಿಸಿತು. ಆದರೆ ನನಗೆ ಹೇಳಿದ ಲೆಕ್ಕದಲ್ಲಿ ಎರಡು ತಿಂಗಳು ಬರುತ್ತದೆ. ಗುಣ ಕಾಣಲು ಒಂದು ವಾರ ಬೇಕಾಯಿತು, ತಾಳ್ಮೆ ಇರಲಿ. ರಾತ್ರಿ ಆ ಬಿಸಿನೀರಿನಲ್ಲಿ ಈಗ ಉಪ್ಪು ಕದಡಿ, ಕುದಿಸಿ ಆರಿಸಿ ಮೂಗು ತೊಳೆಯುತ್ತೇನೆ. ಅಪ್ಪನಿಗೆ ಐದು ದಿನದ ಮೇಲೆ ಟ್ಯೂಬ್ ತೆಗೆದರು. ಈಗ ಮೂಗು ಕಟ್ಟಿದರೆ ಫೋನ್ ಮಾಡಿ, ಮಾತ್ರೆಯ ಹೆಸರಿನ ಒಂದೊಂದೇ ಅಕ್ಷರ ಓದಿ ಹೇಳುತ್ತಾರೆ.