ಒಂದು ಕಾರು, ಮೂರು ಟರ್ಬೊ: ಗುಜರಿಯದು, ಹೈಬ್ರಿಡ್, ಮೈಸೂರಿನಲ್ಲಿ ರಿಪೇರಿಯಾದದ್ದು

ನನ್ನ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಕಾರಿನಲ್ಲಿ ಈಗ ಇರುವುದು ಕಾರ್ಖಾನೆಯಿಂದ ಅದರ ಜೊತೆಗೇ ಬಂದ ಟರ್ಬೊ, ಅಂದರೆ ಎಕ್ಸಾಸ್ಟಿನ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ. ಒಳಗಿನ ಕೋರ್, ಅಂದರೆ ಶಾಫ್ಟ್, ಬೇರಿಂಗ್, ಚಕ್ರಗಳಿರುವ ನಡುಭಾಗ, ಮಾತ್ರ ಹೊಸದು. ನಡುವಿನ ಎಂಟು ತಿಂಗಳಲ್ಲಿ ಬೇರೆ ಎರಡು ಟರ್ಬೊಗಳು ಅದೇ ಜಾಗಕ್ಕೆ ಬಂದು ಹೋದವು. ಮೂರಕ್ಕೂ ನಾನೇ ದುಡ್ಡು ಕೊಟ್ಟಿದ್ದೇನೆ, ಮೂರನ್ನೂ ನಾನೇ ಓಡಿಸಿದ್ದೇನೆ. ಮೈಸೂರಿನಲ್ಲಿ ಹಳೆಯದನ್ನೇ ರಿಪೇರಿ ಮಾಡಿಸಿದ್ದು ಸರಿಯಾಯಿತು ಎಂಬುದು ನನ್ನ ತೀರ್ಮಾನ. ಗೋಣಿಕೊಪ್ಪಲಿನ ಹತ್ತಿರ ತೋಟ ನೋಡಿಕೊಂಡು, ವರ್ಷಕ್ಕೆ ಮೂರು ನಾಲ್ಕು ಬಾರಿ ಟ್ರ್ಯಾಕಿಗೆ ಹೋಗುವವನ ತೀರ್ಮಾನ ಇದು. ಟ್ರ್ಯಾಕಿಗಾಗಿಯೇ ಕಾರು ಇಟ್ಟುಕೊಂಡವರಿಗೆ ಬೇರೆ ಉತ್ತರ ಸಿಗಬಹುದು.

ಮೊದಲು ಕೆಟ್ಟದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ, ಫೆಬ್ರವರಿ ಕೊನೆಯಲ್ಲಿ. ರೊಬಸ್ಟಾ ಕೊಯ್ಲು ಮುಗಿದು ಕಣದಲ್ಲಿ ಚೆರ್ರಿ ಒಣಗುತ್ತಿದ್ದ ದಿನಗಳು. ಆ ಟ್ರ್ಯಾಕ್ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ್ದು. ತಿರುವಿನ ಬೆನ್ನಿಗೆ ತಿರುವು ಬರುವುದರಿಂದ ಎಂಜಿನ್ನಿಗೆ ಉಸಿರಾಡಲು ಸಮಯ ಸಿಗುವುದಿಲ್ಲ. ಮೂರನೆಯ ಸರದಿಯಲ್ಲಿ, ಮೂರನೆಯ ಗೇರಿನಲ್ಲಿ, ದೂರದಲ್ಲಿ ಆಂಬುಲೆನ್ಸ್ ಬರುತ್ತಿರುವಂಥ ಸದ್ದು ಕೇಳಿಸಿತು. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಸದ್ದು ನಿಂತಿತು, ಎಳೆತವೂ ನಿಂತಿತು, ಕನ್ನಡಿಯಲ್ಲಿ ನೀಲಿ ಹೊಗೆ ಕಾಣಿಸಿತು. ಟ್ರ್ಯಾಕಿನ ಬದಿಯಲ್ಲಿ ಕಾರು ನಿಲ್ಲಿಸುವ ಪಿಟ್‌ಗೆ ಬಂದು ಗಾಳಿಯ ಹೋಸ್ ಬಿಚ್ಚಿ ಟರ್ಬೊದ ಶಾಫ್ಟ್ ಹಿಡಿದು ನೋಡಿದೆ. ಅಡ್ಡಡ್ಡಕ್ಕೆ ಕೂದಲೆಳೆಯಷ್ಟು ಅಲುಗಾಟ ಯಾವ ಟರ್ಬೊದಲ್ಲೂ ಇರುತ್ತದೆ. ಒಳಕ್ಕೂ ಹೊರಕ್ಕೂ ಆಡುವುದು ಮಾತ್ರ ಬೆರಳಿಗೆ ತಿಳಿಯಬಾರದು. ನನ್ನದು ಎರಡೂ ಕಡೆ ಆಡುತ್ತಿತ್ತು, ಗಾಳಿ ಒತ್ತುವ ಕಂಪ್ರೆಸರ್ ಚಕ್ರದ ಅಂಚು ಕವಚಕ್ಕೆ ತಾಗಿ ಹೊಳೆಯುತ್ತಿತ್ತು. ಸಂಜೆಯಾಗಿದ್ದುದರಿಂದ ಕಾರನ್ನು ಲಾರಿಗೆ ಹೇರಿಸಿ ಗೂಡಲೂರಿನಲ್ಲಿ ರಾತ್ರಿ ಕಳೆದೆವು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ದಾರಿ ಮುಚ್ಚಿರುತ್ತದೆ. ಕೊಡಗಿನಿಂದ ಕೊಯಮತ್ತೂರಿಗೆ ಹೋಗುವವರು ಕೆಟ್ಟ ಕಾರಿನ ಹಿಂದಿರುಗುವ ವೇಳೆಯನ್ನೂ ಲೆಕ್ಕಕ್ಕೆ ಹಿಡಿದಿರಬೇಕು.

ಕಾರಣ ತಿಳಿದದ್ದು ಬಹಳ ತಡವಾಗಿ. ಟರ್ಬೊಗೆ ಎಣ್ಣೆ ತರುವ ಸಣ್ಣ ಲೋಹದ ಪೈಪು ಈ 1.8 ಲೀಟರ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕದಲ್ಲೇ ಹಾದುಹೋಗುತ್ತದೆ. ಕಾದ ಎಂಜಿನ್ ಅನ್ನು ತಟ್ಟನೆ ನಿಲ್ಲಿಸಿದರೆ ಪೈಪಿನಲ್ಲಿ ನಿಂತ ಎಣ್ಣೆ ಅಲ್ಲೇ ಸುಟ್ಟು ಇದ್ದಿಲಾಗುತ್ತದೆ. ನಾನು ಎರಡು ವರ್ಷ ಪಿಟ್‌ಗೆ ಬಂದ ಕೂಡಲೇ ಕೀಲಿ ತಿರುಗಿಸುತ್ತಿದ್ದೆ. ಜೊತೆಗೆ ಎಂಜಿನ್ನಿನ ಕಂಪ್ಯೂಟರಿಗೆ ರೀಮ್ಯಾಪ್ ಮಾಡಿಸಿ ಬೂಸ್ಟನ್ನು, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡವನ್ನು, ಒಂದು ಬಾರ್‌ಗಿಂತ ಮೇಲಕ್ಕೆ ಏರಿಸಿದ್ದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುಭಾರ ಕಡಲತಡಿಗಿಂತ ಶೇಕಡಾ 12ರಷ್ಟು ಕಡಿಮೆ. ತೆಳು ಗಾಳಿಯಲ್ಲಿ ಅಷ್ಟೇ ಒತ್ತಡ ಹುಟ್ಟಿಸಲು ಟರ್ಬೊ ಇನ್ನೂ ವೇಗವಾಗಿ ತಿರುಗಬೇಕು. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುವ ಶಾಫ್ಟಿಗೆ ಅರ್ಧ ಕಟ್ಟಿಕೊಂಡ ಪೈಪಿನ ಎಣ್ಣೆ ಎಲ್ಲಿ ಸಾಲುತ್ತದೆ?

ಹೊಸ ಅಸಲಿ ಟರ್ಬೊದ ಬೆಲೆಯನ್ನು ಕೇಳಿದ್ದು ಒಂದೇ ಸಲ: 1,15,000 ರೂಪಾಯಿ, ಆರು ವಾರ ಕಾಯಬೇಕು. ಇಪ್ಪತ್ತು ವರ್ಷ ಹತ್ತಿರವಾಗುತ್ತಿರುವ ಕಾರಿಗೆ ಆ ವರ್ಷದ ಗೊಬ್ಬರದ ದುಡ್ಡನ್ನು ಸುರಿಯಲು ಮನಸ್ಸಾಗಲಿಲ್ಲ.

ಹಾಗಾಗಿ ಮೊದಲು ಬೆಂಗಳೂರಿನ ಗುಜರಿಯಿಂದ 16,000 ರೂಪಾಯಿಗೆ ಒಂದನ್ನು ತಂದೆ. ಶಾಫ್ಟ್ ಬಿಗಿಯಾಗಿತ್ತು, ಚಕ್ರದ ರೆಕ್ಕೆಗಳು ನೆಟ್ಟಗಿದ್ದವು, ಒಂದೇ ದಿನದಲ್ಲಿ ಕೂರಿಸಿದ್ದಾಯಿತು. ಹತ್ತೊಂಬತ್ತು ದಿನ ಓಡಿತು. ಇಪ್ಪತ್ತನೆಯ ದಿನ ಮಾಕುಟ್ಟದ ಘಾಟಿ ಹತ್ತುವಾಗ ಅದೇ ಆಂಬುಲೆನ್ಸ್ ಸದ್ದು. ಕಟ್ಟಿಕೊಂಡ ಹಳೆಯ ಪೈಪನ್ನೇ ಮತ್ತೆ ಹಾಕಿದ್ದು ಅದಕ್ಕೆ ಕಾರಣ, ಗುಜರಿಯವರನ್ನು ದೂರುವಂತಿಲ್ಲ. ಆದರೂ ಗುಜರಿಯ ಟರ್ಬೊವನ್ನು ಇನ್ನೊಮ್ಮೆ ಕೊಳ್ಳುವುದಿಲ್ಲ. ಅದು ಎಷ್ಟು ಓಡಿದೆ, ಯಾವ ಎಣ್ಣೆ ಕುಡಿದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಬದಲಿಸಿಕೊಡಿ ಎಂದು ಕೇಳಲು ಇಲ್ಲಿಂದ ಬೆಂಗಳೂರಿಗೆ ಹೋಗಿಬರುವುದೇ ಒಂದು ದಿನದ ಕೆಲಸ.

ಎರಡನೆಯದು ಹೈಬ್ರಿಡ್. ನನ್ನ ಕಾರಿನ ಕೆ03 ಅಳತೆಯ ಕವಚದೊಳಗೆ ಕೆ04ರ ದೊಡ್ಡ ಚಕ್ರಗಳನ್ನು ಕೂರಿಸಿದ ಚೀನಾ ಮಾಲು. ಸುಂಕ ಸೇರಿ 52,000 ರೂಪಾಯಿ. ‘ಏನನ್ನೂ ಬದಲಿಸದೆ ನೇರವಾಗಿ ಕೂರುತ್ತದೆ’ ಎಂದು ಮಾರಿದವರು ಹೇಳಿದ್ದರು. ಜೂನ್ ಮೊದಲ ವಾರ ಬೇರೊಂದು ಗ್ಯಾರೇಜಿನಲ್ಲಿ ಕೂರಿಸಿದರು. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನನ್ನ ಮಳೆಗಾಲವನ್ನು ತಿಂದುಹಾಕಿದ್ದು ಹೆಬ್ಬೆರಳು ದಪ್ಪದ ಒಂದು ಪೈಪು: ಟರ್ಬೊದಿಂದ ಎಣ್ಣೆ ಹಿಂದಿರುಗುವ ಪೈಪು.

ಟರ್ಬೊಗೆ ಎಣ್ಣೆ ಬರುವುದು ಪಂಪಿನ ಒತ್ತಡದಲ್ಲಿ. ಹಿಂದಿರುಗುವುದು ಕೇವಲ ತನ್ನ ಭಾರದಿಂದ, ಅದೂ ಗಾಳಿ ಬೆರೆತು ನೊರೆನೊರೆಯಾಗಿ. ಆದ್ದರಿಂದ ಹೊರಹೋಗುವ ಬಾಯಿ ನೇರ ಕೆಳಗೆ ನೋಡುತ್ತಿರಬೇಕು. ತೀರ ಅನಿವಾರ್ಯವಾದರೆ 35 ಡಿಗ್ರಿಯವರೆಗೆ ವಾಲಬಹುದು, ಅದಕ್ಕಿಂತ ಹೆಚ್ಚಲ್ಲ. ಪೈಪಿನಲ್ಲಿ ಎಲ್ಲಿಯೂ ಹೊಟ್ಟೆ ಬಿದ್ದಿರಬಾರದು, ಅದು ಎಂಜಿನ್ನಿನ ತಳದ ಆಯಿಲ್ ಚೇಂಬರನ್ನು ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ನನ್ನ ಹೈಬ್ರಿಡ್ಡಿನ ನಡುಭಾಗವನ್ನು ತಯಾರಿಸಿದವರು ಬೇರೆ ಕೋನಕ್ಕೆ ತಿರುಗಿಸಿ ಬಿಗಿದಿದ್ದರು. ಬಾಯಿ ಗೇರ್‌ಬಾಕ್ಸಿನ ಕಡೆ ನೋಡುತ್ತಿತ್ತು. ಗ್ಯಾರೇಜಿನವರು ಕವಚ ಸಡಿಲಿಸಿ ತಿರುಗಿಸಲು ನೋಡಿದಾಗ, ಬೂಸ್ಟ್ ಮಿತಿ ಮೀರದಂತೆ ವೇಸ್ಟ್‌ಗೇಟ್ ಎಂಬ ಕವಾಟ ತೆರೆಯುವ ಆಕ್ಚುಯೇಟರಿನ ಪಟ್ಟಿ ಅಡ್ಡ ಬಂತು. ಅರ್ಧಕ್ಕೇ ನಿಲ್ಲಿಸಿದರು. ಮೂಲ ಪೈಪು ಸೇರದೆ ರಬ್ಬರ್ ಹೋಸ್ ಹಾಕಿದರು. ಚಪ್ಪಟೆ ಮುಖಗಳೆರಡೂ ಸರಿಯಾಗಿ ಕೂಡದ್ದರಿಂದ ಪ್ಯಾಕಿಂಗ್ ಬದಲು ಕೆಂಪು ಸಿಲಿಕಾನ್ ಪೇಸ್ಟ್ ಮೆತ್ತಿದರು. ಇದೆಲ್ಲ ನನಗೆ ತಿಳಿದದ್ದು ಆಗಸ್ಟಿನಲ್ಲಿ. ಜೂನಿನಲ್ಲಿ ಕಂಡದ್ದು ಹೊಗೆ ಮಾತ್ರ.

ಆ ಹೊಗೆಗೊಂದು ಕ್ರಮವಿತ್ತು. ಎಳೆಯುವಾಗ ಒಂದು ಎಳೆಯೂ ಇಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿದು ಚೆಕ್‌ಪೋಸ್ಟಿನಲ್ಲಿ ನಿಂತರೆ ಹಿಂದಿನ ಜೀಪಿನವರಿಗೆ ದಾರಿಯೇ ಕಾಣದಷ್ಟು. ಮಳೆಗಾಲದ ತೇವದಲ್ಲಿ ಹೊಗೆ ಮೇಲೇಳದೆ ಶೆಡ್ಡಿನೊಳಗೇ ಕವುಚಿಕೊಂಡಿರುತ್ತಿತ್ತು. “ಎಂಜಿನ್ನೇ ಹೋಗಿರಬೇಕಪ್ಪಾ, ಇನ್ನು ಓಡಿಸಬೇಡ” ಎಂದರು ಅಪ್ಪ. ನೋಡಿದವರೆಲ್ಲ “ಟರ್ಬೊ ಸೀಲ್ ಹೋಗಿದೆ” ಎಂದರು. ಈ ಮಾತು ಎಷ್ಟು ಜನರ ದುಡ್ಡು ಕಳೆದಿದೆಯೋ! ಟರ್ಬೊದ ಶಾಫ್ಟಿಗೆ ರಬ್ಬರ್ ಸೀಲ್ ಇರುವುದಿಲ್ಲ. ಪಿಸ್ಟನ್ ರಿಂಗಿನಂಥ ಪುಟ್ಟ ಲೋಹದ ಬಳೆಗಳಿರುತ್ತವೆ. ಎರಡು ಬದಿಯ ಗಾಳಿಯ ಒತ್ತಡವೇ ಎಣ್ಣೆಯನ್ನು ಒಳಗೆ ತಡೆದಿಡುತ್ತದೆ. ಎಣ್ಣೆ ಕೆಳಗಿಳಿಯದೆ ಕಟ್ಟಿ ನಿಂತರೆ, ಆಕ್ಸಿಲರೇಟರ್ ಬಿಟ್ಟು ಎಕ್ಸಾಸ್ಟಿನ ಒತ್ತಡ ಕುಸಿದ ಗಳಿಗೆಯಲ್ಲಿ, ಆ ಬಳೆಗಳನ್ನು ದಾಟಿ ಸೈಲೆನ್ಸರಿಗೆ ಸೇರುತ್ತದೆ. ಘಾಟಿ ಇಳಿಯುವಾಗ ಆಗುತ್ತಿದ್ದುದು ಅದೇ.

ಇದು ಹೊಳೆಯುವ ಮೊದಲು ಎಂಜಿನ್ನಿನ ಹಬೆ ಹೊರಬಿಡುವ ಹೋಸುಗಳು ಮತ್ತು ಅವುಗಳ ವಾಲ್ವುಗಳನ್ನು 8,000 ರೂಪಾಯಿ ಕೊಟ್ಟು ಬದಲಿಸಿದೆ. ಹಳೆಯವು ಬಿರುಕು ಬಿಟ್ಟಿದ್ದವು, ಅದು ಹೇಗೂ ಆಗಬೇಕಿದ್ದ ಕೆಲಸ. ಹೊಗೆ ಮಾತ್ರ ಹಾಗೆಯೇ ಇತ್ತು. ಮಾರಿದವರನ್ನು ಕೇಳಿದರೆ, ಎಣ್ಣೆ ಬರುವ ಪೈಪಿಗೆ ಸಣ್ಣ ತೂತಿನ ತಡೆ ಹಾಕಿಸಿ ಎಂಬ ಉತ್ತರ ಬಂತು. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. ಬಾಲ್ ಬೇರಿಂಗಿನ ಟರ್ಬೊಗೆ ಆ ತಡೆ ಬೇಕಾಗಬಹುದು. ನನ್ನದರಂಥ ಬುಷ್ ಬೇರಿಂಗಿನ ಶಾಫ್ಟ್ ತಿರುಗುವುದೇ ಎಣ್ಣೆಯ ಪದರದ ಮೇಲೆ. ಅದಾಗಲೇ ಎರಡು ಟರ್ಬೊ ಕಳೆದುಕೊಂಡವನಿಗೆ ಎಣ್ಣೆ ಕಡಿಮೆ ಮಾಡಿ ಎಂದು ಹೇಳುವುದೇ?

ಕೊನೆಗೆ ಆಗಸ್ಟಿನ ಒಂದು ಭಾನುವಾರ, ಕರೆಂಟ್ ಇಲ್ಲದ ಮಧ್ಯಾಹ್ನ, ನಾನೂ ಭಾವನೂ ಶೆಡ್ಡಿನಲ್ಲಿ ಟಾರ್ಚ್ ಹಿಡಿದು ಕುಳಿತೆವು. ಹೋಸಿನ ಕೆಳತುದಿಯನ್ನು ಬಿಚ್ಚಿ ಕೆಳಗೊಂದು ಬೋಗುಣಿ ಇಟ್ಟೆವು. ಮೇಲಿನ ತೂತಿನಲ್ಲಿ ಒಂದು ಲೋಟ ಎಣ್ಣೆ ಹುಯ್ದೆವು. ಸುರಿಯಬೇಕಾದದ್ದು ತೊಟ್ಟಿಕ್ಕತೊಡಗಿತು. “ಇಲ್ಲೇ ಇದೆ ನೋಡಿ” ಎಂದರು ಭಾವ. ಮೇಲಿನ ತುದಿಯನ್ನೂ ಬಿಚ್ಚಿದಾಗ ಹಿಂಡಿ ಒಳಗೆ ಉಬ್ಬಿದ ಕೆಂಪು ಪೇಸ್ಟ್ ಬಾಯಿಯ ಅರ್ಧಕ್ಕಿಂತ ಹೆಚ್ಚನ್ನು ಮುಚ್ಚಿತ್ತು. ಅದನ್ನು ಇಕ್ಕಳದಲ್ಲಿ ಕಿತ್ತು ತೆಗೆದೆ. ಪುಣ್ಯಕ್ಕೆ ತುಂಡು ಚೇಂಬರಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ ಎಣ್ಣೆ ಹೀರುವ ಜಾಲರಿಗೆ ಅಂಟಿ ಎಂಜಿನ್ನೇ ಹೋಗುತ್ತಿತ್ತು. ಆಕ್ಚುಯೇಟರಿನ ಪಟ್ಟಿಯನ್ನು ಕತ್ತರಿಸಿ ಬೆಸೆಸಿ, ಬಾಯಿಯನ್ನು ನೇರ ಕೆಳಕ್ಕೆ ತಿರುಗಿಸಿದೆವು. ವಿರಾಜಪೇಟೆಯಲ್ಲಿ ಸೈಲೆನ್ಸರ್ ಬೆಸೆಯುವವರಿಂದ ಉಕ್ಕಿನ ಪೈಪು ಬಾಗಿಸಿ ತಂದು, ಪೇಸ್ಟ್ ಇಲ್ಲದೆ ಬರೀ ಪ್ಯಾಕಿಂಗ್ ಇಟ್ಟು ಕೂರಿಸಿದೆವು. ಎಣ್ಣೆ ಬರುವ ಹಳೆಯ ಪೈಪು ಕಟ್ಟಿಕೊಂಡಿದ್ದು ಕಂಡದ್ದೂ ಅಂದೇ, ಊದಿದರೆ ಉಸಿರು ಕಷ್ಟದಿಂದ ದಾಟುತ್ತಿತ್ತು. ಹೊಸದು ಬರುವವರೆಗೆ ಕಾರನ್ನು ಅಲುಗಿಸಲಿಲ್ಲ. ಹೊಸ ಪೈಪು ಹಾಕಿ ಓಡಿಸಿದ ಎರಡು ದಿನಕ್ಕೆ, ಸೈಲೆನ್ಸರಿನಲ್ಲಿ ಉಳಿದಿದ್ದ ಎಣ್ಣೆ ಸುಟ್ಟು ಮುಗಿದ ಮೇಲೆ, ಹೊಗೆ ಪೂರ್ತಿ ನಿಂತಿತು.

ಇಷ್ಟೆಲ್ಲ ಆದ ಮೇಲೆ ಹೈಬ್ರಿಡ್ ಹೇಗಿತ್ತು ಎಂದರೆ, ಎಂಜಿನ್ ನಿಮಿಷಕ್ಕೆ 4,000 ಸುತ್ತು ದಾಟಿದ ಮೇಲೆ ಅದ್ಭುತ. ಸೆಪ್ಟೆಂಬರ್ ಕೊನೆಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಒಯ್ದೆ. 3.7 ಕಿಲೋಮೀಟರಿನ ಸುತ್ತು, ನಡುವೆ ಉದ್ದದ ನೇರ ದಾರಿ. ಅಲ್ಲಿ ಈ ಕಾರು ಅಷ್ಟು ಜೋರಾಗಿ ಓಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅದೇ ಕಾರು ನಮ್ಮ ಕಡೆಯ ರಸ್ತೆಗೆ ಬಂದರೆ ಬೇರೆಯೇ ಕಾರು. ಎರಡನೆಯ ಗೇರಿನಲ್ಲಿ 2,500 ಸುತ್ತಿಗೆ ತಿರುವಿನಿಂದ ಹೊರಬಂದು ಕಾಲು ಒತ್ತಿದರೆ, ಬೂಸ್ಟ್ ಹುಟ್ಟುವ ಹೊತ್ತಿಗೆ ಮುಂದಿನ ತಿರುವು ಬಂದಿರುತ್ತದೆ. ವರ್ಷದ ಮುನ್ನೂರಕ್ಕೂ ಹೆಚ್ಚು ದಿನ ನಾನು ಓಡಿಸುವುದು ಇಂಥ ರಸ್ತೆಯಲ್ಲೇ.

ಅಕ್ಟೋಬರಿನಲ್ಲಿ, ತಲಕಾವೇರಿಯ ತೀರ್ಥೋದ್ಭವಕ್ಕೆ ಒಂದು ವಾರ ಮೊದಲು, ಶೆಡ್ಡಿನ ಮೂಲೆಯಲ್ಲಿದ್ದ ಮೂಲ ಟರ್ಬೊವನ್ನು ಗೋಣಿಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೈಸೂರಿಗೆ ಹೋದೆ. ಅಂಗಡಿಯವರ ದಿನದ ಕೆಲಸವೆಲ್ಲ ಪಿಕಪ್ ಮತ್ತು ಟಿಪ್ಪರುಗಳ ಡೀಸೆಲ್ ಟರ್ಬೊ. ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ಬಿಚ್ಚಿ ನೋಡಿ, “ಸಾರ್, ಕವಚಕ್ಕೆ ಬರೀ ಗೀರು ಬಿದ್ದಿದೆ, ಬಳಸಬಹುದು. ವೇಸ್ಟ್‌ಗೇಟ್ ಹತ್ತಿರದ ಈ ಸಣ್ಣ ಬಿರುಕು ಮುಂದೆ ಬೆಳೆದರೆ ತಂದುಕೊಡಿ” ಎಂದು ಬೆರಳಿಟ್ಟು ತೋರಿಸಿದರು. ಹೊಸ ಕೋರ್ ಹಾಕಿ, ಯಂತ್ರದಲ್ಲಿ ಬ್ಯಾಲೆನ್ಸ್ ಮಾಡಿ, ಅದರ ಮುದ್ರಿತ ಗ್ರಾಫ್ ಕೊಟ್ಟರು. ಗ್ರಾಫ್ ಕೊಡದ ಅಂಗಡಿಗೆ ಟರ್ಬೊ ಕೊಡಬೇಡಿ. ಆಕ್ಚುಯೇಟರಿನ ಕಡ್ಡಿಯನ್ನು ಕೈಪಂಪು ಮತ್ತು ಮಾಪಕ ಹಿಡಿದು ನನ್ನ ಮುಂದೆಯೇ ಹೊಂದಿಸಿದರು.

ಕೋರ್ ಮತ್ತು ಕೂಲಿ ಸೇರಿ 20,500. ತಾಮ್ರದ ವಾಷರ್, ಪ್ಯಾಕಿಂಗ್, ಎಣ್ಣೆ, ಫಿಲ್ಟರ್ ಎಲ್ಲ ಸೇರಿ ಇನ್ನೊಂದು 6,000. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಚ್ಚಿ ತೊಳೆದಾಗ ಅರ್ಧ ಲೋಟ ಎಣ್ಣೆ ಬಂತು. ಚೇಂಬರ್ ಇಳಿಸಿ ಜಾಲರಿಯನ್ನೂ ತೊಳೆದೆವು.

ಗೋಣಿಕೊಪ್ಪಲಿನಲ್ಲಿ ನಮ್ಮ ಮೆಕ್ಯಾನಿಕ್ ಅದನ್ನು ಕೂರಿಸುವುದನ್ನು ನೋಡುತ್ತಾ ಮನಸ್ಸು ಹಗುರವಾಯಿತು. ಪ್ರತಿಯೊಂದು ಬೋಲ್ಟೂ ತನ್ನ ತೂತಿಗೆ ಹೋಯಿತು. ಹಿಂದಿರುಗುವ ಮೂಲ ಪೈಪು ಕೈಯಿಂದ ತಳ್ಳಿದ ಕೂಡಲೇ ತನ್ನ ಜಾಗಕ್ಕೆ ಸೇರಿತು. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಬೂಸ್ಟನ್ನು ಈಗ 0.9 ಬಾರ್‌ಗೆ ಇಳಿಸಿಕೊಂಡಿದ್ದೇನೆ. ಟ್ರ್ಯಾಕಿನಲ್ಲಿ ಕೊನೆಯ ಸುತ್ತನ್ನು ನಿಧಾನವಾಗಿ ಮುಗಿಸಿ, ಪಿಟ್‌ನಲ್ಲಿ ಎರಡು ನಿಮಿಷ ಎಂಜಿನ್ ಓಡಲು ಬಿಟ್ಟು ಕೀಲಿ ತಿರುಗಿಸುತ್ತೇನೆ. ಅಲ್ಲಿಂದೀಚೆಗೆ ಕೊಯಮತ್ತೂರಿಗೆ ಎರಡು ಸಲ ಹೋಗಿಬಂದಿದ್ದೇನೆ, ಭತ್ತದ ಕೊಯ್ಲಿನ ನಂತರ ಗದ್ದೆಯಲ್ಲಿ ಒಂದು ಆಟೊಕ್ರಾಸ್ ಸ್ಪರ್ಧೆಯಲ್ಲಿ ಓಡಿಸಿದ್ದೇನೆ. ಶಾಫ್ಟ್ ಬಿಗಿಯಾಗಿದೆ, ಎಣ್ಣೆಯ ಮಟ್ಟ ಇಳಿದಿಲ್ಲ.

ವರ್ಷಕ್ಕೆ ಹತ್ತು ಬಾರಿ ಚೆನ್ನೈಗೆ ಹೋಗುವವರು, ಕಾರನ್ನು ಲಾರಿಯಲ್ಲೇ ಒಯ್ಯುವವರು ಹೈಬ್ರಿಡ್ ನೋಡಲಿ. ಕೊಳ್ಳುವ ಮುನ್ನ ಎಣ್ಣೆ ಹೊರಹೋಗುವ ಬಾಯಿ ಯಾವ ಕಡೆ ನೋಡುತ್ತದೆ ಎಂಬ ಫೋಟೊ ತರಿಸಿಕೊಳ್ಳಲಿ. ನನ್ನದನ್ನು ಅಂಥ ಒಬ್ಬ ಗೆಳೆಯ ಮಂಗಳೂರಿನಿಂದ ಬಂದು 30,000 ರೂಪಾಯಿಗೆ ಒಯ್ದ. ವಿರಾಜಪೇಟೆಯಲ್ಲಿ ಬಾಗಿಸಿದ ಪೈಪನ್ನೂ ಎರಡು ಹೊಸ ಪ್ಯಾಕಿಂಗುಗಳನ್ನೂ ಅದೇ ಡಬ್ಬದಲ್ಲಿಟ್ಟು, ಪೇಸ್ಟ್ ಹಚ್ಚಬೇಡ ಎಂದು ಮುಚ್ಚಳದ ಮೇಲೆ ದೊಡ್ಡದಾಗಿ ಬರೆದು ಕಳಿಸಿದೆ.