ಅಂಡಮಾನ್‌ನಲ್ಲಿ ಪುಟ್ಟ ಕಾಟೇಜ್ ಹುಡುಕುತ್ತಿದ್ದೀರಾ? ವೋಚರ್ ಪೂರ್ತಿ ಓದಿ

ಅಂಡಮಾನ್‌ಗೆ ಹೋಗುವ ಯೋಚನೆ ಇದ್ದರೆ ಏಜೆಂಟ್ ಕಳಿಸುವ ವೋಚರ್ (ಬುಕಿಂಗ್ ಕಾಗದ) ತೆಗೆದು ಹೋಟೆಲ್ ಹೆಸರಿನ ಪಕ್ಕ ‘ಆರ್ ಸಿಮಿಲರ್’, ಅಂದರೆ ‘ಅಥವಾ ಅಂಥದ್ದೇ ಇನ್ನೊಂದು’, ಅಂತ ಇದೆಯಾ ನೋಡಿ. ಇದ್ದರೆ ಸದ್ಯಕ್ಕೆ ದುಡ್ಡು ಕಳಿಸಬೇಡಿ. ನಮಗೆ ತೋರಿಸಿದ ಕಾಟೇಜ್ ಒಂದು, ಕೊಟ್ಟದ್ದು ಇನ್ನೊಂದು. ಅದೇ ಜಾಹೀರಾತು, ಅದೇ ಫೋಟೋ ಇವತ್ತಿಗೂ ಇನ್‌ಸ್ಟಾಗ್ರಾಂನಲ್ಲಿ ಓಡುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊರಟವರು ನಾನು, ನನ್ನ ಹೆಂಡತಿ, ಅಪ್ಪ, ಅಮ್ಮ. ದೊಡ್ಡ ರೆಸಾರ್ಟ್ ನಮಗೆ ಬೇಡವಾಗಿತ್ತು. ಏಳೆಂಟು ಕೋಣೆಯ ಜಾಗ, ಮಾಲೀಕರು ಅಲ್ಲೇ ಇರಬೇಕು, ಅಮ್ಮನಿಗೆ ಅನ್ನ ಬೇಳೆಸಾರು ಸಿಗಬೇಕು, ಅಪ್ಪ ಬೆಳಿಗ್ಗೆ ಎದ್ದು ಸಮುದ್ರದಲ್ಲಿ ಕಾಲು ನೆನೆಸಬೇಕು. ಇಷ್ಟೇ.

ಮೊದಲು ನೋಡಿದ್ದು ಲಕ್ಷದ್ವೀಪ. ಅಪ್ಪನಿಗೆ ಅದರ ಮೇಲೆ ಏನೋ ಸೆಳೆತ. ಅವರು ಮಂಗಳೂರಿನ ಹಳೇ ಬಂದರಿನಿಂದ ಅಲ್ಲಿಗೆ ಸಾಮಾನು ಸಾಗಿಸುವ ಹಡಗುಗಳನ್ನು ನೋಡಿ ಬೆಳೆದವರು. ಕಡ್ಮತ್, ಅಮಿನಿ ಇರುವ ಅಮೀನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅಂತ ಹೇಳಿದ್ದೂ ಅವರೇ. ಆದರೆ ಅಲ್ಲಿಗೆ ಹೋಗಲು ಪರ್ಮಿಟ್ ಬೇಕು, ನಮ್ಮ ದೇಶದವರಿಗೂ ಬೇಕು. ಇರುವ 36 ದ್ವೀಪಗಳಲ್ಲಿ ಜನ ಇರುವುದು 10ರಲ್ಲಿ, ಉಳಿದುಕೊಳ್ಳುವ ಜಾಗಗಳೂ ಕಡಿಮೆ. ‘ಪರ್ಮಿಟ್ ನಾವು ಮಾಡಿಸಿಕೊಡ್ತೀವಿ, ಮೊದಲು ಪೂರ್ತಿ ಹಣ ಹಾಕಿ’ ಅನ್ನುವವರೇ ಜಾಸ್ತಿ ಸಿಕ್ಕರು. ಪರ್ಮಿಟ್ ಬರದಿದ್ದರೆ ಹಣ ಯಾವಾಗ ವಾಪಸ್ ಅಂದರೆ ಉತ್ತರ ಇಲ್ಲ. ಬಿಟ್ಟೆವು.

ಮಾಲ್ಡೀವ್ಸ್‌ನಲ್ಲಿ ರೆಸಾರ್ಟ್ ಬಿಟ್ಟು ಊರ ಜನ ಇರುವ ದ್ವೀಪಗಳಲ್ಲೂ ಚಿಕ್ಕ ಗೆಸ್ಟ್‌ಹೌಸ್‌ಗಳಿವೆ. ಮಾಫುಶಿ, ಧಿಗುರಾ, ತೊಡ್ಡೂ ಕಡೆ ನಿಜಕ್ಕೂ ಮುದ್ದಾಗಿರುವ ಜಾಗಗಳು ಕಂಡವು. ಕೋಣೆಯ ಬಾಡಿಗೆ ನೋಡಿ ಖುಷಿಪಟ್ಟೆವು. ಆಮೇಲೆ ಲೆಕ್ಕ ಬೆಳೆಯಿತು. 17% ತೆರಿಗೆ, 10% ಸರ್ವಿಸ್ ಚಾರ್ಜ್, ಚಿಕ್ಕ ಗೆಸ್ಟ್‌ಹೌಸ್ ಆದರೂ ತಲೆಗೆ ದಿನಕ್ಕೆ 6 ಡಾಲರ್ ಹಸಿರು ತೆರಿಗೆ, ಮೇಲೆ ಸ್ಪೀಡ್‌ಬೋಟ್‌ಗೆ ಹೋಗಲು ಬರಲು ತಲೆಗಿಷ್ಟು ಅಂತ ಬೇರೆ. ನಾಲ್ಕು ಜನ ಅಂದರೆ ಬೋಟ್ ಖರ್ಚೇ ಕೋಣೆಯ ಬಾಡಿಗೆಯನ್ನು ಮೀರಿಸುವ ಹಾಗಿತ್ತು. ಬೆಳಗಿನ ತಿಂಡಿಯೇ ಕೊಬ್ಬರಿ ಹಾಕಿ ಕಲಸಿದ ಟ್ಯೂನಾ ಮೀನು ಅಂತ ಗೊತ್ತಾದಾಗ ಅಮ್ಮ ‘ನೀವು ಹೋಗಿ ಬನ್ನಿ’ ಅಂದುಬಿಟ್ಟರು.

ಉಳಿದದ್ದು ಅಂಡಮಾನ್. ಪರ್ಮಿಟ್ ಇಲ್ಲ, ರೂಪಾಯಿಯೇ ನಡೆಯುತ್ತದೆ, ಬೆಂಗಳೂರಿನಿಂದ ನೇರ ವಿಮಾನ. ಸ್ವರಾಜ್ ದ್ವೀಪದ (ಹ್ಯಾವ್‌ಲಾಕ್ ಅಂದರೇ ಎಲ್ಲರಿಗೂ ಗೊತ್ತಾಗುವುದು, 2018ರಲ್ಲಿ ಹೆಸರು ಬದಲಾಯಿತು) ಒಂದು ಕಾಟೇಜ್ ಮನಸ್ಸಿಗೆ ಹಿಡಿಸಿತು. ಬಿದಿರಿನ ಜಗಲಿ, ಎದುರಿಗೆ ಸಮುದ್ರಕ್ಕೆ ವಾಲಿದ ಎರಡು ಮರ, ಅದರಾಚೆ ಪಚ್ಚೆ ಬಣ್ಣದ ನೀರು. ಫೋಟೋ ಹಾಕಿದ್ದವರು ಬೆಂಗಳೂರಿನ ಒಬ್ಬ ಏಜೆಂಟ್. ಫೋನ್‌ನಲ್ಲಿ ಮಾತು ಬೆಣ್ಣೆಯ ಹಾಗೆ. ‘ಸರ್, ಅದೇ ಪ್ರಾಪರ್ಟಿ, ಸೀ ಫೇಸಿಂಗ್, ಎರಡು ರೂಮ್ ಹೋಲ್ಡ್ ಮಾಡಿದ್ದೀನಿ, ಇವತ್ತೇ ಅಡ್ವಾನ್ಸ್ ಹಾಕಿಬಿಡಿ’ ಅಂದರು. ಕೊಟ್ಟ ಯುಪಿಐ ಕಂಪನಿಯದ್ದಲ್ಲ, ಯಾರದ್ದೋ ಸ್ವಂತ ಖಾತೆ. ಕೇಳಿದ್ದಕ್ಕೆ ಅಕೌಂಟೆಂಟ್‌ದು ಅಂದರು. ವೋಚರ್ ಬಂತು. ಕಾಟೇಜ್ ಹೆಸರು ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಇರುವೆ ಗಾತ್ರದ ‘ಆರ್ ಸಿಮಿಲರ್’. ಏನಿದು ಅಂದರೆ ‘ಫಾರ್ಮಾಲಿಟಿ ಸರ್, ಎಲ್ಲರಿಗೂ ಹಾಗೇ ಬರೋದು’.

ಮಧ್ಯಾಹ್ನದ ಬೋಟಿಗೆ ಹ್ಯಾವ್‌ಲಾಕ್ ಜೆಟ್ಟಿಯಲ್ಲಿ ಇಳಿದೆವು. ಡ್ರೈವರ್ ನಮ್ಮ ಹೆಸರಿನ ಬೋರ್ಡ್ ಹಿಡಿದು ನಿಂತಿದ್ದ. ಗಾಡಿ ಸಮುದ್ರದ ಕಡೆ ತಿರುಗಲೇ ಇಲ್ಲ. ಮೇನ್ ರೋಡ್ ದಾಟಿ ಅಡಿಕೆ ತೋಟದ ಒಳಗೆ ನುಗ್ಗಿ ತಗಡಿನ ಸೂರಿನ ಸಾಲು ಕೋಣೆಗಳ ಮುಂದೆ ನಿಂತಿತು. ಕಿಟಕಿ ತೆಗೆದರೆ ಒಂದು ಮಾರು ದೂರದಲ್ಲಿ ಅಡುಗೆಮನೆಯ ಗೋಡೆ, ಹಿಂದುಗಡೆ ಜನರೇಟರ್. ನಲ್ಲಿ ನೀರು ಉಪ್ಪುಪ್ಪು. ಹಾಸಿಗೆಯ ಮೇಲೆ ಟವೆಲ್‌ನಲ್ಲಿ ಮಾಡಿಟ್ಟ ಹಂಸ ಮಾತ್ರ ಫೋಟೋದಲ್ಲಿ ಇದ್ದ ಹಾಗೇ ಇತ್ತು. ಅಡಿಕೆ ತೋಟ ನೋಡಲು ನಾವು ಸಮುದ್ರ ದಾಟಿ ಬರಬೇಕಿತ್ತಾ ಅಂತ ಅಪ್ಪ ಕೇಳಿದರು. ಅವರು ಕೋಪ ಮಾಡಿಕೊಂಡಿದ್ದರೆ ವಾಸಿಯಿತ್ತು.

ಏಜೆಂಟ್‌ಗೆ ಫೋನ್ ಮಾಡಿದರೆ ‘ಅಲ್ಲಿ ಓವರ್‌ಬುಕಿಂಗ್ ಆಗಿದೆ ಸರ್, ಇದು ಅದಕ್ಕಿಂತ ಚೆನ್ನಾಗಿದೆ, ಸೇಮ್ ಕೆಟಗರಿ’ ಎಂಬ ಉತ್ತರ. ಆಮೇಲೆ ಫೋನ್ ಎತ್ತಲಿಲ್ಲ. ಸಮುದ್ರದಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ಅಲ್ಲಿ ಇಂಟರ್‌ನೆಟ್ ಸುಧಾರಿಸಿದೆ ಅಂತಾರೆ. ಆದರೆ ನಾವಿದ್ದ ತೋಟದಲ್ಲಿ ಒಂದು ಫೋಟೋ ಕಳಿಸಲೂ ಒದ್ದಾಡಬೇಕಿತ್ತು. ಇನ್ನೊಂದು ವಿಷಯ ಗಮನದಲ್ಲಿರಲಿ. ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಡಿಸೆಂಬರ್‌ನಲ್ಲಿ ಸಂಜೆ 5ರ ಸುಮಾರಿಗೆಲ್ಲ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ಬೋಟಿಗೆ ಬಂದವರು ಜಗಳ ಮುಗಿಸುವಷ್ಟರಲ್ಲಿ ಕತ್ತಲು. ವಯಸ್ಸಾದವರನ್ನು ಕರೆದುಕೊಂಡು ಆ ಹೊತ್ತಿನಲ್ಲಿ ಬೇರೆ ಕೋಣೆ ಹುಡುಕಲು ಆಗುವುದಿಲ್ಲ. ಇದನ್ನು ನಂಬಿಕೊಂಡೇ ಈ ವ್ಯಾಪಾರ ನಡೆಯುತ್ತದೆ ಅಂತ ನನ್ನ ಗುಮಾನಿ.

ಮರುದಿನ ಬೆಳಿಗ್ಗೆ ಸ್ಕೂಟರ್ ಬಾಡಿಗೆಗೆ ಹಿಡಿದು ವಿಜಯನಗರದ ಬೀಚಿನಲ್ಲಿದ್ದ ಆ ಅಸಲಿ ಕಾಟೇಜಿಗೇ ಹೋದೆ. ಮಾಲೀಕರು ಬಂಗಾಳಿ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದವರಿಗೆ ಈ ದ್ವೀಪದಲ್ಲಿ ಜಮೀನು ಕೊಟ್ಟಿದ್ದರಲ್ಲ, ಅಂಥ ಮನೆತನದವರು. ವೋಚರ್ ನೋಡಿ ನಕ್ಕರು. ಅವರು ಹೇಳಿದ ಕಥೆ ಹೀಗಿದೆ. ಬೆಂಗಳೂರಿನ ಏಜೆಂಟ್ ನಮ್ಮಿಂದ ಹಣ ತೆಗೆದುಕೊಂಡು ತನ್ನ ಪಾಲು ಇಟ್ಟುಕೊಳ್ಳುತ್ತಾನೆ, ಉಳಿದದ್ದನ್ನು ಪೋರ್ಟ್ ಬ್ಲೇರ್‌ನ (ಈಗಿನ ಹೆಸರು ಶ್ರೀ ವಿಜಯಪುರಂ) ಲೋಕಲ್ ಆಪರೇಟರ್‌ಗೆ ಕೊಡುತ್ತಾನೆ. ಆ ಆಪರೇಟರ್ ಚಂದದ ಜಾಗದಲ್ಲಿ ರೂಮ್ ಹೋಲ್ಡ್ ಮಾಡಿಸುತ್ತಾನೆ, ಆದರೆ ಹಣ ಕಟ್ಟುವುದಿಲ್ಲ. ಗಡುವು ಮುಗಿದ ಮೇಲೆ ಮಾಲೀಕರು ರೂಮ್ ಬೇರೆಯವರಿಗೆ ಕೊಡುತ್ತಾರೆ. ಆಪರೇಟರ್ ತನಗೆ ಕಡಿಮೆಗೆ ಸಿಗುವ ಜಾಗಕ್ಕೆ ನಮ್ಮನ್ನು ತಳ್ಳುತ್ತಾನೆ. ‘ನಿಮ್ಮ ಹೆಸರು ನನ್ನ ಪುಸ್ತಕದಲ್ಲಿ ಯಾವತ್ತೂ ಬರೆದಿರಲೇ ಇಲ್ಲ’ ಅಂತ ಪುಸ್ತಕ ತೆರೆದೇ ತೋರಿಸಿದರು.

ಮಾತಾಡುತ್ತಾ ಜಗಲಿಗೆ ಬಂದೆವು. ವಾಲಿದ ಎರಡು ಮರ ಅಲ್ಲೇ ಇದ್ದವು. ಸಮುದ್ರ ಇರಲಿಲ್ಲ. ಇಳಿತದ ಹೊತ್ತು. ನೀರು ಎಲ್ಲೋ ದೂರಕ್ಕೆ ಸರಿದಿತ್ತು. ನಡುವೆ ಪೂರ್ತಿ ಕೆಸರು ಬಣ್ಣದ ಹವಳದ ಕಲ್ಲು, ಹೊಂಡಗಳಲ್ಲಿ ನಿಂತ ನೀರು, ಅದರಲ್ಲಿ ಕಪ್ಪಗೆ ಬಿದ್ದುಕೊಂಡ ಸಮುದ್ರ ಸೌತೆ ಎಂಬ ಜೀವಿಗಳು. ಚಪ್ಪಲಿ ಇಲ್ಲದೆ ಕಾಲಿಟ್ಟರೆ ಕೊಯ್ಯುತ್ತದೆ. ಅಪ್ಪ ಇಲ್ಲಿ ಕಾಲು ನೆನೆಸುವ ಮಾತೇ ಇಲ್ಲ. ‘ದಾದಾ, ಫೋಟೋದಲ್ಲಿ ಹೀಗಿರಲಿಲ್ಲವಲ್ಲ’ ಅಂದೆ. ‘ಫೋಟೋ ತೆಗೆದದ್ದು ನಾನೇ, ನೀರು ತುಂಬಿದಾಗ. ಇಳಿತದ ಫೋಟೋ ಯಾರಾದರೂ ಹಾಕ್ತಾರಾ? ನೇರವಾಗಿ ಫೋನ್ ಮಾಡಿದವರಿಗೆ ನಾನು ಹೇಳ್ತೀನಿ. ಏಜೆಂಟ್ ಕಡೆಯಿಂದ ಬಂದವರಿಗೆ ಯಾರು ಹೇಳ್ಬೇಕು?’ ಅಂದರು.

ಇದು ಹ್ಯಾವ್‌ಲಾಕ್‌ನ ಪೂರ್ವ ದಡದ ಸ್ವಭಾವ. ಗೋವಿಂದನಗರ, ವಿಜಯನಗರದ ಚಿಕ್ಕ ಕಾಟೇಜ್‌ಗಳೆಲ್ಲ ಹೆಚ್ಚಾಗಿ ಈ ದಡದಲ್ಲೇ ಇವೆ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಸಮಯ ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚೇ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ಇನ್ನೂ ಜೋರು. ಮರಳಿನ ಮೇಲೆ ನಡೆದು ನೀರಿಗೆ ಇಳಿಯಬೇಕು ಅಂದರೆ ಪಶ್ಚಿಮದ ರಾಧಾನಗರ ಬೀಚಿಗೆ ಹೋಗಬೇಕು, ಅದು ಜೆಟ್ಟಿಯಿಂದ ಹತ್ತು ಹನ್ನೆರಡು ಕಿಲೋಮೀಟರ್. ಅಲ್ಲಿ ಉಳಿದುಕೊಳ್ಳಲು ಚಿಕ್ಕ ಜಾಗಗಳು ಕಡಿಮೆ. ಹಾಗಾಗಿ ‘ಬೀಚ್ ಫ್ರಂಟ್’ ಅಂದ ಕೂಡಲೇ ಈಜಬಹುದು ಅಂದುಕೊಳ್ಳಬೇಡಿ. ನೀವು ಹೋಗುವ ತಾರೀಖಿನ ಉಬ್ಬರ ಇಳಿತದ ಸಮಯ ಫೋನ್‌ನಲ್ಲೇ ಸಿಗುತ್ತದೆ, ನೋಡಿಕೊಂಡು ಬುಕ್ ಮಾಡಿ. ಸಂಜೆ ಮರಳಿನ ಮೇಲೆ ಕೂರುವವರು ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಮರಳುನೊಣ ಕಚ್ಚಿದರೆ ಊರಿಗೆ ಬಂದ ಮೇಲೂ ತುರಿಕೆ ಹೋಗುವುದಿಲ್ಲ.

ಆ ದಾದಾ ಕೈಯಲ್ಲಿ ಕೋಣೆ ಇರಲಿಲ್ಲ, ಸೀಸನ್. ಆದರೆ ನೀಲ್ ದ್ವೀಪದಲ್ಲಿರುವ ತಮ್ಮ ನೆಂಟರಿಗೆ ಫೋನ್ ಹಚ್ಚಿಕೊಟ್ಟರು. ನೀಲ್‌ಗೆ ಈಗ ಶಹೀದ್ ದ್ವೀಪ ಅನ್ನುತ್ತಾರೆ. ಪುಟ್ಟದು, ಸಮತಟ್ಟು, ಅಂಡಮಾನ್‌ಗೆ ತರಕಾರಿ ಬೆಳೆದುಕೊಡುವ ಊರು. ಬೋಟ್ ಟಿಕೆಟ್ ಬದಲಾಯಿಸಲು ಮತ್ತೆ ಹಣ ತೆತ್ತೆವು. ಸಿಕ್ಕಿದ್ದು ಮನೆಯ ಹಿಂದೆ ಕಟ್ಟಿದ ಕೋಣೆಗಳು. ಮುಂದೆ ಬದನೆ, ಹೀರೆಕಾಯಿ ಚಪ್ಪರ. ಆ ಮನೆಯ ದೀದಿ ಅಮ್ಮನನ್ನು ಅಡುಗೆಮನೆಗೇ ಬಿಟ್ಟುಕೊಂಡರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಒಗ್ಗರಣೆ ಮಾತ್ರ ಸರಿಯಾಗಿ ಬಿತ್ತು. ಇಂಥ ಜಾಗಗಳ ಜಾಹೀರಾತು ನಿಮಗೆ ಎಲ್ಲೂ ಕಾಣುವುದಿಲ್ಲ.

ಈಗ ನಾನು ಕೇಳಿದವರಿಗೆಲ್ಲ ಹೇಳುವುದು ಇಷ್ಟು. ಏಜೆಂಟ್ ಮೂಲಕವೇ ಹೋಗಿ, ತಪ್ಪಿಲ್ಲ. ಬೋಟ್, ಗಾಡಿ ಎಲ್ಲ ಒಬ್ಬರೇ ನೋಡಿಕೊಂಡರೆ ಸುಲಭವೇ. ಆದರೆ ಹಣ ಹಾಕುವ ಮೊದಲು ಕಾಟೇಜ್‌ನ ನಂಬರ್ ನೀವೇ ಮ್ಯಾಪ್‌ನಲ್ಲಿ ಹುಡುಕಿ ಫೋನ್ ಮಾಡಿ. ಏಜೆಂಟ್ ಕೊಟ್ಟ ನಂಬರ್‌ಗೆ ಮಾಡಬೇಡಿ. ನಮ್ಮ ಹೆಸರಿನಲ್ಲಿ ಬುಕಿಂಗ್ ಇದೆಯಾ, ಹಣ ಬಂದಿದೆಯಾ, ಇಳಿತದ ಹೊತ್ತಿನಲ್ಲಿ ಮುಂದಿನ ಬೀಚ್ ಹೇಗಿರುತ್ತದೆ ಅಂತ ಕೇಳಿ. ಅದೇ ಕ್ಷಣದ ಒಂದು ವಿಡಿಯೋ ಕಳಿಸಿ ಅನ್ನಿ. ಚಿಕ್ಕ ಜಾಗದವರು ಖುಷಿಯಿಂದ ಕಳಿಸುತ್ತಾರೆ. ಹೊರಡುವ ಹಿಂದಿನ ವಾರ ಇನ್ನೊಮ್ಮೆ ಫೋನ್ ಮಾಡಿ. ಹ್ಯಾವ್‌ಲಾಕ್‌ಗೆ ಬೆಳಗಿನ ಬೋಟೇ ಹಿಡಿಯಿರಿ.

ಹಣ ಕಟ್ಟಿದ ಮೇಲೆ ಕಾಟೇಜ್ ಇಲ್ಲವೇ ಇಲ್ಲ, ಏಜೆಂಟ್ ನಾಪತ್ತೆ ಅನ್ನುವಂಥ ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ನಮ್ಮದು ಹಾಗಲ್ಲ, ಮಾತು ತಪ್ಪಿದ್ದು. ಅದಕ್ಕೆ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಬರೆಸಿದೆವು. ಅದಾದ ಮೇಲೆ ಏಜೆಂಟ್‌ಗೆ ಫೋನ್ ಎತ್ತಲು ಪುರುಸೊತ್ತಾಯಿತು. ಒಂದಿಷ್ಟು ಹಣ ಬಂತು, ಉಳಿದದ್ದಕ್ಕೆ ‘ವೋಚರ್‌ನಲ್ಲಿ ಬರೆದಿತ್ತಲ್ಲ ಸರ್’ ಅನ್ನುತ್ತಿದ್ದಾರೆ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನಾವು ವಾಸವಿರುವ ಊರಿನಲ್ಲೇ ಕೇಸ್ ಹಾಕಬಹುದು, ಅಂಡಮಾನ್‌ಗೆ ಓಡಬೇಕಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಕಾಗದ ಸಿದ್ಧ ಮಾಡುತ್ತಿದ್ದೇವೆ. ‘ಅದೇ ಪ್ರಾಪರ್ಟಿ ಸರ್’ ಅಂತ ಅವರು ಫೋನ್‌ನಲ್ಲಷ್ಟೇ ಅಲ್ಲ, ವಾಟ್ಸಾಪ್‌ನಲ್ಲೂ ಬರೆದಿದ್ದರು. ಆ ಮೆಸೇಜ್ ಅಳಿಸದೆ ಇಟ್ಟುಕೊಂಡದ್ದು ಈಗ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಂತ ವಕೀಲರು ಹೇಳಿದ್ದಾರೆ.