ಹೊರನಾಡಿನ ಕಾನೂನು: ಅಧ್ಯಯನಕ್ಕೆ ದಕ್ಷಿಣ ಆಫ್ರಿಕಾವೋ, ಭಾರತವೋ?

ಸಾಂವಿಧಾನಿಕ ನ್ಯಾಯಾಲಯಗಳು ಹೊರದೇಶದ ಕಾನೂನನ್ನು ಬಳಸುವ ಬಗೆಯನ್ನು ಸ್ನಾತಕೋತ್ತರ ಪ್ರಬಂಧಕ್ಕೆ ಆರಿಸಿಕೊಳ್ಳುವ ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ದಕ್ಷಿಣ ಆಫ್ರಿಕಾದಲ್ಲಿ ನಿಯಮವು ಸಂವಿಧಾನದಲ್ಲಿಯೇ ಇದೆ: 39ನೇ ವಿಧಿಯಂತೆ, ಹಕ್ಕುಗಳನ್ನು ಅರ್ಥೈಸುವಾಗ ಅಂತಾರಾಷ್ಟ್ರೀಯ ಕಾನೂನನ್ನು ಪರಿಗಣಿಸಲೇಬೇಕು, ವಿದೇಶೀ ಕಾನೂನನ್ನು ಪರಿಗಣಿಸಬಹುದು. ‘ಬೇಕು’ ಮತ್ತು ‘ಬಹುದು’ಗಳ ಈ ಅಂತರವೊಂದೇ ಒಂದು ಅಧ್ಯಾಯಕ್ಕೆ ಸಾಕು. ಮರಣದಂಡನೆಯನ್ನು ಅಸಾಂವಿಧಾನಿಕವೆಂದ 1995ರ ಮಕ್ವನ್ಯಾನೆ ತೀರ್ಪು, ಅದೇ ಶಿಕ್ಷೆಯನ್ನು ಎತ್ತಿಹಿಡಿದಿದ್ದ ನಮ್ಮ ಬಚನ್ ಸಿಂಗ್ ತೀರ್ಪನ್ನು ಗಂಭೀರವಾಗಿ ಚರ್ಚಿಸಿ, ತಮ್ಮ ಸಂವಿಧಾನದ ಮಾತುಗಳು ಬೇರೆಯೆಂದು ತೋರಿಸಿ, ಅದನ್ನು ಅನುಸರಿಸದೆ ಬಿಟ್ಟಿತು. ಓದಿ ಒಪ್ಪದಿರುವುದೂ ಒಂದು ಬಳಕೆಯೇ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಭಾರತದಲ್ಲಿ ಅಂಥ ಕಟ್ಟಳೆಯಿಲ್ಲ. ಅಂತಾರಾಷ್ಟ್ರೀಯ ಕಾನೂನಿನ ಬಗ್ಗೆ ಗೌರವ ಬೆಳೆಸಲು ಸರ್ಕಾರ ಯತ್ನಿಸಬೇಕೆನ್ನುವ, ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದ 51ನೇ ವಿಧಿಯ ನಿರ್ದೇಶಕ ತತ್ತ್ವವಿದೆಯಷ್ಟೆ. ಆದರೂ ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳ ಕುರಿತ 1997ರ ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದೇಶದ ಕಾನೂನಿನಲ್ಲಿದ್ದ ಕೊರತೆಯನ್ನು ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಒಡಂಬಡಿಕೆಯ ನೆರವಿನಿಂದ ತುಂಬಿತು.

ವಿಧಾನದ ಶಿಸ್ತು ಬೇಕಾದವರಿಗೆ ದಕ್ಷಿಣ ಆಫ್ರಿಕಾ ಸೂಕ್ತ. ನಾನಾದರೋ ಭಾರತವನ್ನೇ ಸೂಚಿಸುತ್ತೇನೆ: 1956ರಿಂದ ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರಾಗಿರುವ ನಮಗೆ, ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ 350ಎ ವಿಧಿಯನ್ನು ಅಲ್ಪಸಂಖ್ಯಾತರ ಭಾಷೆ-ಸಂಸ್ಕೃತಿಯ ಹಕ್ಕನ್ನು ಕಾಯುವ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 27ನೇ ವಿಧಿಯೊಂದಿಗೆ ಜೋಡಿಸಿ ಓದುವ ಕೆಲಸ ಮನೆಯ ಬಾಗಿಲಲ್ಲೇ ಕಾದಿದೆ.